ಡಿಕ್ಯಾಫ್ ಕಾಫಿ ಎಡವುವುದು ಎಲ್ಲಿ? ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಡಿಕ್ಯಾಫ್ ಕಾಫಿ ಚೆನ್ನಾಗಿ ಬರಲಿಲ್ಲ ಅಂದರೆ ಎಲ್ಲರೂ ಮೊದಲು ಬೈಯುವುದು ಕೆಫೀನ್ ತೆಗೆದದ್ದನ್ನು. ಅದು ಹೋದ ಮೇಲೆ ಕಾಫಿಯಲ್ಲಿ ಇನ್ನೇನು ಉಳಿಯುತ್ತೆ, ಅಲ್ವಾ? ಉಳಿಯುವುದು ಬಹಳಷ್ಟಿದೆ. ಕೆಫೀನ್‌ಗೆ ವಾಸನೆಯೇ ಇಲ್ಲ. ಕಹಿ ಇದೆ, ಆದರೆ ಕಾಫಿಯ ಒಟ್ಟು ಕಹಿಯಲ್ಲಿ ಅದರ ಪಾಲು ಚಿಕ್ಕದು. ದೊಡ್ಡ ಪಾಲು ಹುರಿಯುವಾಗ ಬೀಜದಲ್ಲೇ ಇರುವ ಕ್ಲೋರೋಜೆನಿಕ್ ಆಮ್ಲಗಳಿಂದ ಹುಟ್ಟುವ ಬೇರೆ ವಸ್ತುಗಳದ್ದು. ಕೆಫೀನ್ ತೆಗೆಯುವಾಗ ಒಂದಿಷ್ಟು ಸುವಾಸನೆಯೂ ಜೊತೆಗೆ ಹೋಗುತ್ತದೆ, ಅದು ನಿಜ. ಆದರೂ ಮನೆಯಲ್ಲಿ ಕಪ್ ಕೆಡುವುದು ಹೆಚ್ಚಾಗಿ ಹಳಸಿದ ಬೀಜ, ಕರಕಲು ಹುರಿತ, ಸ್ವಚ್ಛ ಮಾಡದ ಗ್ರೈಂಡರ್, ಅಳತೆ ಇಲ್ಲದ ಪುಡಿ ಇವುಗಳಿಂದ. ಇವುಗಳಲ್ಲಿ ಕೆಲವು ದುಡ್ಡು ಖರ್ಚಿಲ್ಲದೆ ಸರಿಯಾಗುತ್ತವೆ.

## ಯಾವ ದೂರಿದ್ದರೂ ಮೊದಲು ಬಟ್ಟಲು ಪರೀಕ್ಷೆ

ತಪ್ಪು ಬೀಜದ್ದಾ, ಸಲಕರಣೆಯದ್ದಾ? ಇದು ಗೊತ್ತಾಗದೆ ಗ್ರೈಂಡರ್ ತಿರುಗಿಸುತ್ತಾ ಕೂತರೆ ಒಂದು ಪ್ಯಾಕೆಟ್ ಸುಮ್ನೆ ಖಾಲಿಯಾಗುತ್ತದೆ. ಅದಕ್ಕೆ ಹತ್ತು ನಿಮಿಷದ ಪರೀಕ್ಷೆ ಇದೆ.

ಒಂದು ಬಟ್ಟಲಿಗೆ 12 ಗ್ರಾಂ ತರಿತರಿ ಪುಡಿ ಹಾಕಿ. ಕುದಿ ಇಳಿದ 200 ಮಿಲಿ ನೀರು ಸುರಿಯಿರಿ. ನಾಲ್ಕು ನಿಮಿಷ ಮುಟ್ಟಬೇಡಿ. ಮೇಲೆ ಕಟ್ಟಿದ ಪುಡಿಯ ಪದರವನ್ನು ಚಮಚದ ಬೆನ್ನಿನಿಂದ ಮೆಲ್ಲಗೆ ಒಡೆಯಿರಿ. ಒಡೆಯುವಾಗ ಮೂಗು ಹತ್ತಿರ ಇರಲಿ, ಆ ಕ್ಷಣದ ವಾಸನೆ ಬಹಳಷ್ಟು ಹೇಳುತ್ತದೆ. ನೊರೆ ತೆಗೆದು ಇನ್ನೈದು ನಿಮಿಷ ಆರಲು ಬಿಡಿ. ಆಮೇಲೆ ಚಮಚದಲ್ಲಿ ತೆಗೆದು ಕುಡಿಯಿರಿ. ಹಾಲು, ಸಕ್ಕರೆ ಬೇಡ.

ಬಟ್ಟಲಲ್ಲಿ ಚೆನ್ನಾಗಿದ್ದು ನಿಮ್ಮ ಎಂದಿನ ಕಪ್ಪಿನಲ್ಲಿ ಕೆಟ್ಟಿದ್ದರೆ ಬೀಜದ ತಪ್ಪಿಲ್ಲ. ಸಲಕರಣೆ, ಅಳತೆ ನೋಡಿ. ಬಟ್ಟಲಲ್ಲೂ ಕೆಟ್ಟಿದ್ದರೆ ಇನ್ನೊಂದು ಬಟ್ಟಲಿಗೆ ಬೇರೆ ಕುಡಿಯುವ ನೀರು ಹಾಕಿ ನೋಡಿ. ಎರಡೂ ಕೆಟ್ಟಿದ್ದರೆ ಬೀಜವೇ ಸರಿ ಇಲ್ಲ. ಆಗ ಯಂತ್ರಕ್ಕೆ ಕೈ ಹಾಕುವುದು ಬೇಡ.

## "ನೀರು ನೀರಾಗಿದೆ, ಸಪ್ಪೆ"

ತೂಕ ಮಾಡಿ. ಡಿಕ್ಯಾಫ್ ಬೀಜ ನೋಡಲು ಗಾಢ ಬಣ್ಣದ್ದು. ಕೆಫೀನ್ ತೆಗೆಯುವಾಗಲೇ ಹಸಿ ಬೀಜ ಹಸಿರು ಕಳೆದುಕೊಂಡು ಕಂದಾಗಿರುತ್ತದೆ. ಹಾಗಾಗಿ ಅಷ್ಟೇ ಹುರಿದರೂ ಮಾಮೂಲಿ ಬೀಜಕ್ಕಿಂತ ಕಪ್ಪಾಗಿ ಕಾಣುತ್ತದೆ. ಅದನ್ನು ನೋಡಿ 'ಇದು ಸ್ಟ್ರಾಂಗ್' ಅಂದುಕೊಂಡು ಒಂದು ಚಮಚ ಕಡಿಮೆ ಹಾಕುವವರು ಜಾಸ್ತಿ. ಚಮಚದ ಲೆಕ್ಕವೂ ಕೈಕೊಡುತ್ತದೆ. ಪುಡಿ ಹಗುರವೋ ಭಾರವೋ ಅನ್ನುವುದರ ಮೇಲೆ ಒಂದೇ ಚಮಚದಲ್ಲಿ ಹಿಡಿಯುವ ತೂಕ ಬದಲಾಗುತ್ತದೆ.

ಸೋಸುವ ಕಾಫಿಗೆ ಸಾಮಾನ್ಯ ಅಳತೆ ಲೀಟರ್ ನೀರಿಗೆ ಸುಮಾರು 55 ಗ್ರಾಂ. ಡಿಕ್ಯಾಫ್‌ಗೆ ನಾನು 60ರಿಂದ 65 ಗ್ರಾಂ ಅನ್ನುತ್ತೇನೆ. ಅಂದರೆ 250 ಮಿಲಿ ನೀರಿಗೆ 15, 16 ಗ್ರಾಂ. ಮೊದಲು ಇದನ್ನು ಮಾಡಿ, ಬೇರೇನನ್ನೂ ಬದಲಿಸಬೇಡಿ. ಇನ್ನೂ ತೆಳುವಾಗಿದ್ದರೆ ಪುಡಿ ಒಂದು ಹಂತ ಸಣ್ಣಗೆ ಮಾಡಿ. ಆಮೇಲೆ ನೀರಿನ ಬಿಸಿ: 92ರಿಂದ 95 ಡಿಗ್ರಿ ಸೆಲ್ಸಿಯಸ್ ಇರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರನ್ನೂ ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ.

ಸಪ್ಪೆಯ ಜೊತೆ ನಾಲಿಗೆಯ ಅಂಚಿಗೆ ಚುರುಕ್ ಅನ್ನುವ ಹುಳಿಯೂ ಇದ್ದರೆ ನೀರು ಪುಡಿಯಿಂದ ಪೂರ್ತಿ ರುಚಿ ಎಳೆದಿಲ್ಲ. ಸಣ್ಣ ಪುಡಿ, ಬಿಸಿ ನೀರು, ಇನ್ನರ್ಧ ನಿಮಿಷ ಸಮಯ. ಅಷ್ಟೇ ಸಾಕು.

## "ರಟ್ಟಿನ ಡಬ್ಬಿ ವಾಸನೆ"

ಡಿಕ್ಯಾಫ್ ದೂರುಗಳಲ್ಲಿ ನನ್ನ ಪ್ರಕಾರ ಇದೇ ಮೊದಲನೆಯದು. ಕಾರಣ ಹೆಚ್ಚಾಗಿ ಒಂದೇ, ಬೀಜ ಹಳೆಯದು.

ಕೆಫೀನ್ ತೆಗೆಯುವುದು ಹುರಿಯುವ ಮೊದಲು, ಹಸಿ ಬೀಜದಿಂದ. ಬೀಜವನ್ನು ಹಬೆಯಲ್ಲೋ ನೀರಲ್ಲೋ ಉಬ್ಬಿಸಿ, ಕೆಫೀನ್ ಎಳೆದು, ಮತ್ತೆ ಒಣಗಿಸುತ್ತಾರೆ. ಇಷ್ಟೆಲ್ಲ ಆದ ಮೇಲೆ ಬೀಜದ ಒಳಗಿನ ಕಟ್ಟು ಸಡಿಲವಾಗುತ್ತದೆ. ಹುರಿದ ಮೇಲೆ ಎಣ್ಣೆ ಬೇಗ ಹೊರಗೆ ಬರುತ್ತದೆ, ಗಾಳಿ ಬೇಗ ಒಳಗೆ ಹೋಗುತ್ತದೆ. ಹಾಗಾಗಿ ಮಾಮೂಲಿ ಬೀಜಕ್ಕಿಂತ ಬೇಗ ಹಳಸುತ್ತದೆ. ಅದರ ಮೇಲೆ ಡಿಕ್ಯಾಫ್ ಕೊಳ್ಳುವವರು ಕಡಿಮೆ, ಪ್ಯಾಕೆಟ್ ಅಂಗಡಿಯಲ್ಲೇ ತಿಂಗಳುಗಟ್ಟಲೆ ಕೂರುತ್ತದೆ. ಮನೆಗೆ ತಂದ ಮೇಲೂ ಅಷ್ಟೇ, ವಾರಕ್ಕೆರಡು ಸಲ ಕುಡಿಯುವವರ ಡಬ್ಬಿ ಖಾಲಿಯಾಗುವುದೇ ಇಲ್ಲ.

ಇಲ್ಲಿ ಮಾಮೂಲಿ ಕಾಫಿಯ ಎರಡು ಗುರುತುಗಳನ್ನು ನಂಬಬೇಡಿ. ಒಂದು, ಬೀಜದ ಮೇಲಿನ ಎಣ್ಣೆ ಹೊಳಪು. ಮಾಮೂಲಿ ಬೀಜದಲ್ಲಿ ಅದು ಗಾಢ ಹುರಿತದ ಅಥವಾ ಹಳತಾದ ಲಕ್ಷಣ. ಡಿಕ್ಯಾಫ್‌ನಲ್ಲಿ ಮಧ್ಯಮ ಹುರಿತದ ತಾಜಾ ಬೀಜವೂ ಕೆಲವೇ ದಿನಗಳಲ್ಲಿ ಹೊಳೆಯಬಹುದು. ಎರಡು, ಬಿಸಿನೀರು ಬಿದ್ದಾಗ ಉಬ್ಬುವ ನೊರೆ. ಡಿಕ್ಯಾಫ್ ತಾಜಾ ಇದ್ದರೂ ಕಡಿಮೆ ಉಬ್ಬುತ್ತದೆ, ಅನಿಲ ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕೆ ಕಡಿಮೆ.

ನಂಬಬೇಕಾದದ್ದು ಮೂಗು ಮತ್ತು ದಿನಾಂಕ. ಹುರಿದ ದಿನಾಂಕ ಇರುವ ಪ್ಯಾಕೆಟ್ಟನ್ನೇ ಕೊಳ್ಳಿ. 'ಇಷ್ಟರೊಳಗೆ ಬಳಸಿ' ಅನ್ನುವ ತಾರೀಕು ಮಾತ್ರ ಇದ್ದರೆ ಅದರಿಂದ ತಾಜಾತನ ಗೊತ್ತಾಗುವುದಿಲ್ಲ, ಅದನ್ನು ಎಷ್ಟೋ ತಿಂಗಳು ಮುಂದಕ್ಕೆ ಹಾಕಿರುತ್ತಾರೆ. ಪುಡಿಗಿಂತ ಇಡೀ ಬೀಜ ಒಳ್ಳೆಯದು. ಎರಡು ಮೂರು ವಾರಕ್ಕೆ ಆಗುವಷ್ಟೇ ತನ್ನಿ. ಚಿಕ್ಕ ಪ್ಯಾಕೆಟ್ ಸಿಗದಿದ್ದರೆ, ತಂದ ದಿನವೇ ಸಣ್ಣ ಸಣ್ಣ ಪೊಟ್ಟಣ ಕಟ್ಟಿ, ಗಾಳಿ ಹಿಂಡಿ ಫ್ರೀಜರ್‌ಗೆ ಹಾಕಿ. ಬೇಕಾದಾಗ ಒಂದೊಂದೇ ತೆಗೆದು, ಕೋಣೆಯ ಬಿಸಿಗೆ ಬಂದ ಮೇಲೆ ಬಿಚ್ಚಿ. ತಣ್ಣಗಿರುವಾಗಲೇ ಬಿಚ್ಚಿದರೆ ಬೀಜದ ಮೇಲೆ ನೀರು ಕಟ್ಟುತ್ತದೆ. ಬಿಚ್ಚಿದ್ದನ್ನು ಮತ್ತೆ ಒಳಗಿಡಬೇಡಿ.

ತಾಜಾ ಬೀಜ ತಂದ ಮೇಲೂ ಕಮಟು ವಾಸನೆ ಹೋಗಲಿಲ್ಲವೇ? ಗ್ರೈಂಡರ್‌ನ ಮೇಲಿನ ಬಟ್ಟಲನ್ನು ಖಾಲಿ ಮಾಡಿ ಮೂಗಿಟ್ಟು ನೋಡಿ. ಒಳಗೋಡೆಗೆ ಬೆರಳು ಸವರಿದರೆ ಅಂಟಂಟು ಕಂದು ಪದರ ಸಿಗುತ್ತದೆ. ಅದು ಹಳೆಯ ಕಾಫಿ ಎಣ್ಣೆ. ಬಿಚ್ಚಲು ಬರುವ ಬಟ್ಟಲನ್ನು ಸೋಪುನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಒಳಗಿನ ಹಲ್ಲುಗಳಿಗೆ ನೀರು ತಾಗಿಸಬೇಡಿ, ಒಣ ಬ್ರಷ್ ಸಾಕು. ಇದಕ್ಕೆಲ್ಲ ಮೊದಲು ಪ್ಲಗ್ ಕಿತ್ತಿರಬೇಕು. ಸ್ವಿಚ್ ಆರಿಸಿದರೆ ಸಾಲದು.

ಬೂಸಲು ಕಂಡರೆ, ಒದ್ದೆ ನೆಲಮಾಳಿಗೆಯಂಥ ವಾಸನೆ ಬಂದರೆ ಉಳಿಸಿಕೊಳ್ಳಲು ನೋಡಬೇಡಿ. ಪೂರ್ತಿ ಎಸೆಯಿರಿ, ಡಬ್ಬಿ ತೊಳೆಯಿರಿ.

## "ಕಹಿ, ಸುಟ್ಟ ರುಚಿ"

ಮೊದಲು ನೀರನ್ನು 88ರಿಂದ 90 ಡಿಗ್ರಿಗೆ ಇಳಿಸಿ. ಆಮೇಲೆ ಪುಡಿ ಸ್ವಲ್ಪ ದಪ್ಪಗೆ ಮಾಡಿ. ಕಹಿ ತಗ್ಗಿದರೆ ಅಲ್ಲಿಗೆ ಮುಗಿಯಿತು.

ಬಟ್ಟಲು ಪರೀಕ್ಷೆಯಲ್ಲೂ ಬೂದಿ ರುಚಿಯೇ ಬಂದರೆ ಹುರಿತವೇ ಜಾಸ್ತಿಯಾಗಿದೆ. ಅದನ್ನು ಮನೆಯಲ್ಲಿ ಸರಿಮಾಡಲು ಆಗುವುದಿಲ್ಲ. ಡಿಕ್ಯಾಫ್ ಹುರಿಯುವುದು ಕಷ್ಟದ ಕೆಲಸ. ಬಣ್ಣ ದಾರಿ ತಪ್ಪಿಸುತ್ತದೆ, ಬೀಜ ಸಿಡಿಯುವ ಸದ್ದೂ ಮೆತ್ತಗೆ. ಮುಂದಿನ ಸಲ ಮಧ್ಯಮ ಹುರಿತದ ಅರೇಬಿಕಾ ತನ್ನಿ. ಲೇಬಲ್‌ನಲ್ಲಿ ತಳಿ, ಊರು ಯಾವುದೂ ಬರೆಯದೆ ಬರೀ 'ಡಿಕ್ಯಾಫ್, ಡಾರ್ಕ್' ಅಂತಿದ್ದರೆ ನಾನಂತೂ ಕೊಳ್ಳುವುದಿಲ್ಲ. ಮಾಮೂಲಿ ಕಾಫಿಗೆ ಬೀಜದ ಜಾತಕವನ್ನೇ ಬರೆಯುವವರು ಡಿಕ್ಯಾಫ್‌ಗೆ ಒಂದು ಸಾಲೂ ಬರೆದಿಲ್ಲ ಅಂದರೆ, ಆ ಬೀಜವನ್ನು ಎಷ್ಟು ಆಸ್ಥೆಯಿಂದ ಆರಿಸಿದ್ದಾರೆ ಅಂತ ಅನುಮಾನ ಬರುತ್ತದೆ.

## "ಪೇಪರ್ ಫಿಲ್ಟರ್ ಕಟ್ಟಿಕೊಳ್ಳುತ್ತೆ, ಎಸ್ಪ್ರೆಸೊ ಮಾತ್ರ ಸರ್ರನೆ ಇಳಿಯುತ್ತೆ"

ಒಂದೇ ಬೀಜದಲ್ಲಿ ಎರಡು ತದ್ವಿರುದ್ಧ ದೂರು. ಎರಡೂ ನಿಜವೇ.

ಡಿಕ್ಯಾಫ್ ಬೀಜ ಪೆಳಸು. ಗ್ರೈಂಡರ್‌ನಲ್ಲಿ ಒಡೆದಾಗ ಧೂಳಿನಂಥ ಪುಡಿ ಜಾಸ್ತಿ ಬರುತ್ತದೆ. ಪೇಪರ್ ಫಿಲ್ಟರ್‌ನಲ್ಲಿ ಆ ಧೂಳು ತಳಕ್ಕೆ ಕೂತು ರಂಧ್ರ ಮುಚ್ಚುತ್ತದೆ. ಮೂರು ನಿಮಿಷಕ್ಕೆ ಇಳಿಯಬೇಕಾದ ನೀರು ಐದು ನಿಮಿಷವಾದರೂ ನಿಂತೇ ಇರುತ್ತದೆ, ಕಪ್ ಒಗರಾಗುತ್ತದೆ. ಪುಡಿ ಒಂದೆರಡು ಹಂತ ದಪ್ಪ ಮಾಡಿ. ನೀರನ್ನು ಎತ್ತರದಿಂದ ರಭಸವಾಗಿ ಸುರಿಯಬೇಡಿ, ಮೆಲ್ಲಗೆ ಎರಡು ಮೂರು ಕಂತಿನಲ್ಲಿ ಹಾಕಿ.

ಎಸ್ಪ್ರೆಸೊದಲ್ಲಿ ಒತ್ತಿದ ಪುಡಿ ನೀರಿಗೆ ಸಾಕಷ್ಟು ತಡೆ ಒಡ್ಡುವುದಿಲ್ಲ. ಅಲ್ಲಿ ಪುಡಿ ಸಣ್ಣ ಮಾಡಬೇಕು, ಅಥವಾ ಅರ್ಧ ಗ್ರಾಂ ಜಾಸ್ತಿ ಹಾಕಬೇಕು. ಮೇಲಿನ ಕಂದು ನೊರೆ, ಅಂದರೆ ಕ್ರೀಮಾ, ತೆಳುವಾಗಿ ಬೇಗ ಮಾಯವಾದರೆ ಚಿಂತೆ ಬೇಡ, ಡಿಕ್ಯಾಫ್‌ನಲ್ಲಿ ಅದು ಮಾಮೂಲಿ. ರುಚಿ ನೋಡಿ ತೀರ್ಮಾನಿಸಿ.

ಒಲೆಯ ಮೇಲಿಡುವ ಮೋಕಾ ಪಾಟ್‌ಗೆ ಎಸ್ಪ್ರೆಸೊದಷ್ಟು ಸಣ್ಣ ಪುಡಿ ಹಾಕಿ ಒತ್ತಬೇಡಿ. ನೀರು ಮೇಲೇರದೆ ಒಳಗೆ ಒತ್ತಡ ಕಟ್ಟುತ್ತದೆ. ಪಕ್ಕದ ಸುರಕ್ಷಾ ವಾಲ್ವ್ ಮುಚ್ಚಿಹೋಗಿಲ್ಲ ಅಂತ ಆಗಾಗ ನೋಡಿ, ನೀರು ಅದರ ಕೆಳಗೇ ಇರಲಿ. ವಾಲ್ವ್‌ನಿಂದ ಹಬೆ ಚಿಮ್ಮಿದರೆ ಒಲೆ ಆರಿಸಿ ದೂರ ನಿಲ್ಲಿ. ಪೂರ್ತಿ ಆರುವ ತನಕ ಬಿಚ್ಚಬೇಡಿ. ಗಾಜಿನ ಪಾತ್ರೆಯಲ್ಲಿ ಜಾಲರಿ ಒತ್ತಿ ಸೋಸುವ ಫ್ರೆಂಚ್ ಪ್ರೆಸ್‌ನಲ್ಲೂ ಹಿಡಿ ಬಿಗಿಯಾದರೆ ಮೈಭಾರ ಹಾಕಿ ಒತ್ತಬಾರದು, ಗಾಜು ಒಡೆದು ಬಿಸಿ ಕಾಫಿ ಮೈಮೇಲೆ ಬರುತ್ತದೆ.

## "ಏನೋ ಕೆಮಿಕಲ್ ವಾಸನೆ"

ಯಂತ್ರ ಇದ್ದರೆ ಪುಡಿ ಹಾಕದೆ ಬರೀ ಬಿಸಿನೀರು ಹಾಯಿಸಿ, ಆ ನೀರನ್ನು ಮೂಸಿ. ಅದರಲ್ಲೇ ವಾಸನೆ ಇದ್ದರೆ ಕಾರಣ ಹೊಸ ಪ್ಲಾಸ್ಟಿಕ್ ಟ್ಯಾಂಕ್, ಉಳಿದ ಸೋಪು, ಇಲ್ಲವೇ ಗಡಸು ನೀರಿನಿಂದ ಒಳಗೆ ಕಟ್ಟುವ ಬಿಳಿ ಕಲ್ಲುಕಟ್ಟು ತೆಗೆಯಲು ಹಾಕಿದ ಆಮ್ಲ. ಎರಡು ಮೂರು ಟ್ಯಾಂಕ್ ಬರೀ ನೀರು ಹಾಯಿಸಿದರೆ ಹೋಗುತ್ತದೆ. ಕಲ್ಲುಕಟ್ಟು ತೆಗೆಯುವ ಆಮ್ಲವನ್ನು ಬ್ಲೀಚ್ ಜೊತೆ ಯಾವತ್ತೂ ಸೇರಿಸಬೇಡಿ, ವಿಷಾನಿಲ ಏಳುತ್ತದೆ.

ನೀರು ಸರಿ ಇದ್ದು, ಕಾಫಿಯಲ್ಲಿ ಮಾತ್ರ ಮಾಗಿದ ಹಣ್ಣಿನಂಥ, ಸ್ವಲ್ಪ ಹುಳಿಹೆಂಡದಂಥ ಸಿಹಿ ವಾಸನೆ ಇದ್ದರೆ ಅದು ಹೆಚ್ಚಾಗಿ ಈಥೈಲ್ ಅಸಿಟೇಟ್ ಅನ್ನುವ ದ್ರಾವಕದಿಂದ ಕೆಫೀನ್ ಎಳೆಯುವ ವಿಧಾನದ ಗುಣ. ಕೊಲಂಬಿಯಾದಲ್ಲಿ ಕಬ್ಬಿನ ಕಾಕಂಬಿ ಹುದುಗಿಸಿ ಈ ದ್ರಾವಕ ಮಾಡುತ್ತಾರೆ. ಅದಕ್ಕೇ ಪ್ಯಾಕೆಟ್ ಮೇಲೆ 'ಶುಗರ್‌ಕೇನ್ ಡಿಕ್ಯಾಫ್' ಅಂತ ಬರೆದಿರುತ್ತದೆ. ಹಣ್ಣುಗಳಲ್ಲೂ ಸಹಜವಾಗಿ ಇರುವ ವಸ್ತು ಅದು. ಕೆಲವರಿಗೆ ಈ ರುಚಿ ಬಹಳ ಇಷ್ಟ. ಇಷ್ಟವಾಗದಿದ್ದರೆ ವಿಧಾನ ಬದಲಿಸಿ, ಡಿಕ್ಯಾಫನ್ನೇ ಬಿಡುವ ಅಗತ್ಯವಿಲ್ಲ.

ಸ್ವಿಸ್ ವಾಟರ್ ಅಂತ ಬರೆದಿದ್ದರೆ ದ್ರಾವಕ ಬಳಸಿಲ್ಲ. ಕೆಫೀನ್ ಇಲ್ಲದ, ಆದರೆ ಕಾಫಿಯ ಉಳಿದ ಸಾರ ತುಂಬಿದ ನೀರಿನಲ್ಲಿ ಬೀಜ ನೆನೆಸುತ್ತಾರೆ. ಆಗ ಕೆಫೀನ್ ಮಾತ್ರ ನೀರಿಗೆ ಬರುತ್ತದೆ. ಅದನ್ನು ಇದ್ದಿಲಿನ ಫಿಲ್ಟರ್ ಹಿಡಿಯುತ್ತದೆ. ಹೆಸರಲ್ಲಿ ಸ್ವಿಸ್ ಇದ್ದರೂ ಆ ಕಂಪನಿಯ ಕಾರ್ಖಾನೆ ಇರುವುದು ಕೆನಡಾದಲ್ಲಿ. ರುಚಿ ದುಂಡಗೆ, ಒಮ್ಮೊಮ್ಮೆ ಸ್ವಲ್ಪ ಮಂಕು. ಇನ್ನೊಂದು ಕಾರ್ಬನ್ ಡೈಆಕ್ಸೈಡ್ ವಿಧಾನ. ಅದಕ್ಕೆ ದಾರಿ ತೋರಿದ್ದು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಕುರ್ಟ್ ಜೋಸೆಲ್, 1960ರ ದಶಕದಲ್ಲಿ. 31 ಡಿಗ್ರಿಗಿಂತ ಬಿಸಿ, 73 ಬಾರ್‌ಗಿಂತ ಹೆಚ್ಚು ಒತ್ತಡ ಇದ್ದಾಗ ಆ ಅನಿಲ ದ್ರವದಂತೆ ಕೆಫೀನನ್ನು ಎಳೆಯುತ್ತದೆ, ಸುವಾಸನೆಯನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ.

ಜನ ಹೆದರುವುದು ಕೆಫೀನ್ ತೆಗೆಯಲು ಬಳಸುವ ಇನ್ನೊಂದು ದ್ರಾವಕಕ್ಕೆ, ಮೆಥಿಲೀನ್ ಕ್ಲೋರೈಡ್‌ಗೆ. ಅದು ಸುಮಾರು 40 ಡಿಗ್ರಿಗೇ ಕುದಿದು ಆವಿಯಾಗುತ್ತದೆ, ಕಾಫಿ ಹುರಿಯುವುದು 200 ಡಿಗ್ರಿ ದಾಟಿದ ಬಿಸಿಯಲ್ಲಿ. ಹುರಿದ ಬೀಜದಲ್ಲಿ ಉಳಿಯಬಹುದಾದ ಅಂಶಕ್ಕೆ ಅಮೆರಿಕದಲ್ಲಿ ಕಿಲೋಗೆ 10 ಮಿಲಿಗ್ರಾಂ, ಯುರೋಪಿಯನ್ ಒಕ್ಕೂಟದಲ್ಲಿ 2 ಮಿಲಿಗ್ರಾಂ ಮಿತಿ ಇದೆ. ಅಷ್ಟು ಕಡಿಮೆ ಅಂಶ ನಿಮ್ಮ ಮೂಗಿಗೆ ಸಿಗುವುದಿಲ್ಲ. ಆದ್ದರಿಂದ 'ವಾಸನೆ ಬಂತು, ದ್ರಾವಕ ಇದೆ' ಅನ್ನುವ ತರ್ಕ ನಿಲ್ಲುವುದಿಲ್ಲ. ಆದರೂ ಮನಸ್ಸು ಒಪ್ಪದಿದ್ದರೆ ನೀರಿನ ವಿಧಾನದ್ದು ಕೊಳ್ಳಿ, ಅದಕ್ಕೆ ಯಾರಿಗೂ ಸಮಜಾಯಿಷಿ ಕೊಡಬೇಕಿಲ್ಲ. ಬ್ರೆಮೆನ್‌ನ ಲುಡ್ವಿಗ್ ರೋಸೆಲಿಯಸ್ 20ನೇ ಶತಮಾನದ ಆರಂಭದಲ್ಲಿ ಡಿಕ್ಯಾಫ್ ವ್ಯಾಪಾರ ಶುರುಮಾಡಿದಾಗ ಬಳಸಿದ್ದು ಬೆಂಜೀನ್ ಅನ್ನುವ ವಿಷಕಾರಿ ದ್ರಾವಕ. ಆ ಕಾಲ ಎಂದೋ ಹೋಯಿತು.

## "ಡಿಕ್ಯಾಫ್ ಕುಡಿದರೂ ನಿದ್ದೆ ಬರಲ್ಲ, ಎದೆ ಡವಡವ"

ಡಿಕ್ಯಾಫ್ ಅಂದರೆ ಸೊನ್ನೆ ಕೆಫೀನ್ ಅಲ್ಲ. ಯುರೋಪಿನಲ್ಲಿ ಸಾಮಾನ್ಯವಾಗಿ ಪಾಲಿಸುವ ಮಿತಿಯಂತೆ ಹುರಿದ ಡಿಕ್ಯಾಫ್‌ನಲ್ಲಿ ಕೆಫೀನ್ 0.1 ಶೇಕಡಾ ಮೀರಬಾರದು, ಇನ್‌ಸ್ಟಂಟ್ ಪುಡಿಯಲ್ಲಿ 0.3 ಶೇಕಡಾ. ಲೆಕ್ಕ ಹಾಕಿ: 15 ಗ್ರಾಂ ಪುಡಿಯಲ್ಲಿ ಹೆಚ್ಚೆಂದರೆ 15 ಮಿಲಿಗ್ರಾಂ. ಇನ್‌ಸ್ಟಂಟ್ 2 ಗ್ರಾಂ ಸಾಕಾಗುವುದರಿಂದ 6 ಮಿಲಿಗ್ರಾಂ. ಮಾಮೂಲಿ ಕಾಫಿಯಾದರೆ 240 ಮಿಲಿ ಕಪ್ಪಿನಲ್ಲಿ ಸುಮಾರು 95 ಮಿಲಿಗ್ರಾಂ. ಹಾಗಾಗಿ ಒಂದು ಕಪ್ ಡಿಕ್ಯಾಫ್ ನಿದ್ದೆ ಕೆಡಿಸುವುದು ಅಪರೂಪ. ಸಂಜೆಯಿಂದ ನಾಲ್ಕು ಕಪ್ ಕುಡಿದರೆ ಮಾತು ಬೇರೆ.

ಈಗ ಗ್ರೈಂಡರ್ ನೋಡಿ. ಬೆಳಿಗ್ಗೆ ಮಾಮೂಲಿ ಬೀಜ, ರಾತ್ರಿ ಡಿಕ್ಯಾಫ್, ಎರಡಕ್ಕೂ ಒಂದೇ ಗ್ರೈಂಡರ್ ಆದರೆ ಒಳಗೆ ಬೆಳಗಿನ ಪುಡಿ ಉಳಿದಿರುತ್ತದೆ. ಎರಡು ಗ್ರಾಂ ಅಂತಿಟ್ಟುಕೊಳ್ಳಿ. ಅರೇಬಿಕಾದಲ್ಲಿ ಕೆಫೀನ್ ಸುಮಾರು 1.2 ಶೇಕಡಾ. ಅಂದರೆ ಆ ಎರಡು ಗ್ರಾಂನಲ್ಲೇ 24 ಮಿಲಿಗ್ರಾಂ. ನಿಮ್ಮ ಡಿಕ್ಯಾಫ್ ಕಪ್ಪಿನ ಸ್ವಂತ ಕೆಫೀನ್‌ಗಿಂತ ಜಾಸ್ತಿ! ರೊಬಸ್ಟಾ ಆದರೆ ಹತ್ತಿರ ಹತ್ತಿರ ಎರಡರಷ್ಟು. ರಾತ್ರಿ ಮೊದಲು ಐದು ಗ್ರಾಂ ಡಿಕ್ಯಾಫ್ ಬೀಜ ಹಾಯಿಸಿ ಆ ಪುಡಿ ಎಸೆಯಿರಿ. ಇಲ್ಲವೇ ಡಿಕ್ಯಾಫ್‌ಗೆ ಒಂದು ಕೈ ಗ್ರೈಂಡರ್ ಬೇರೆ ಇಡಿ. ಮನೆಯಲ್ಲಿ ಎರಡೂ ಡಬ್ಬಿ ಒಂದೇ ಥರ ಇದ್ದರೆ ದೊಡ್ಡದಾಗಿ ಹೆಸರು ಬರೆದಂಟಿಸಿ. ಬೆಳಿಗ್ಗೆ ಯಾರೋ ಡಬ್ಬಿ ಬದಲಿಸಿ ಮುಚ್ಚಿಟ್ಟಿರುವುದು ನೀವಂದುಕೊಂಡದ್ದಕ್ಕಿಂತ ಸಾಮಾನ್ಯ.

ಅದೂ ಅಲ್ಲದಿದ್ದರೆ ದಿನದ ಉಳಿದ ಕೆಫೀನ್ ಲೆಕ್ಕ ಹಾಕಿ. ಚಹಾ, ಕೋಲಾ, ಚಾಕೊಲೇಟ್, ಕೆಲವು ತಲೆನೋವಿನ ಮಾತ್ರೆಗಳಲ್ಲೂ ಇರುತ್ತದೆ. ದೊಡ್ಡವರ ದೇಹದಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಗರ್ಭಿಣಿಯರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ನಿಧಾನ. ಸಿಪ್ರೊಫ್ಲಾಕ್ಸಸಿನ್, ಫ್ಲೂವಾಕ್ಸಮಿನ್‌ನಂಥ ಔಷಧಗಳೂ ಅದು ಹೊರಹೋಗುವುದನ್ನು ತಡೆಯುತ್ತವೆ. ಹೊಸ ಮಾತ್ರೆ ಶುರುವಾದ ಮೇಲೆಯೇ ಡವಡವ ಶುರುವಾಗಿದ್ದರೆ ವೈದ್ಯರನ್ನೋ ಔಷಧ ಅಂಗಡಿಯ ಫಾರ್ಮಸಿಸ್ಟರನ್ನೋ ಕೇಳಿ. ಗರ್ಭಿಣಿಯರಿಗೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದ ಮಿತಿ ದಿನಕ್ಕೆ 200 ಮಿಲಿಗ್ರಾಂ, ಎಲ್ಲ ಮೂಲ ಸೇರಿ.

ಇನ್ನೊಂದು ಸಣ್ಣ ವಿಷಯ. ಮಲಗುವ ಮುಂಚೆ ದೊಡ್ಡ ಮಗ್ ತುಂಬ ಏನು ಕುಡಿದರೂ ರಾತ್ರಿ ಎದ್ದು ಹೋಗಬೇಕಾಗುತ್ತದೆ. ಅದಕ್ಕೆ ಕೆಫೀನ್ ಏನು ಮಾಡೀತು? ಕಪ್ ಚಿಕ್ಕದು ಮಾಡಿ.

ಎದೆಬಡಿತ ತಪ್ಪಿದಂತಾದರೆ, ತಲೆ ಸುತ್ತಿ ಬೀಳುವಂತಾದರೆ, ಎದೆನೋವು ಅಥವಾ ಉಸಿರಾಟದ ತೊಂದರೆ ಇದ್ದರೆ ಈ ಕೈಪಿಡಿ ಮುಚ್ಚಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.

## "ಡಿಕ್ಯಾಫ್‌ಗೆ ಬದಲಾದಾಗಿನಿಂದ ತಲೆನೋವು"

ಕಾರಣ ಡಿಕ್ಯಾಫ್‌ನಲ್ಲಿ ಇರುವುದಲ್ಲ, ಇಲ್ಲದಿರುವುದು. ದಿನಾ ಕೆಫೀನ್ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು, ಮಂಪರು, ಸಿಡುಕು ಶುರುವಾಗುತ್ತವೆ. ಮೊದಲ ಎರಡು ದಿನ ಜೋರು. ಹೆಚ್ಚೆಂದರೆ ಒಂಬತ್ತು ದಿನದೊಳಗೆ ತಾನೇ ಹೋಗುತ್ತದೆ.

ಒಮ್ಮೆಲೇ ನಿಲ್ಲಿಸುವ ಶೂರತನ ಬೇಡ. ಮೊದಲ ನಾಲ್ಕೈದು ದಿನ ಮೂರು ಪಾಲು ಮಾಮೂಲಿ, ಒಂದು ಪಾಲು ಡಿಕ್ಯಾಫ್. ಆಮೇಲೆ ಅರ್ಧರ್ಧ. ಆಮೇಲೆ ಒಂದಕ್ಕೆ ಮೂರು. ಪುಡಿ ಬೆರೆಸಿದರೆ ಸಾಕು, ರುಚಿಯೂ ನಿಧಾನವಾಗಿ ಒಗ್ಗುತ್ತದೆ. ತಲೆನೋವಿಗೆ ಮಾತ್ರೆ ನುಂಗುವ ಮುಂಚೆ ಅದರಲ್ಲೇ ಕೆಫೀನ್ ಇದೆಯಾ ನೋಡಿ.

ಸಿಡಿಲು ಹೊಡೆದಂತೆ ಒಮ್ಮೆಲೇ ಬಂದ ತಲೆನೋವು, ಜ್ವರ, ಕುತ್ತಿಗೆ ಬಿಗಿತ, ಮಾತು ತೊದಲುವುದು, ಕೈಕಾಲು ಬಲ ಕಳೆದುಕೊಳ್ಳುವುದು ಇವೆಲ್ಲ ಕೆಫೀನ್ ಬಿಟ್ಟದ್ದರ ಲಕ್ಷಣ ಅಲ್ಲ. ತಕ್ಷಣ ವೈದ್ಯರ ಬಳಿ ಹೋಗಿ.

## "ಎದೆಯುರಿ ಹೋಗಲೇ ಇಲ್ಲ"

ಹೊಟ್ಟೆಯಲ್ಲಿ ಆಮ್ಲ ಹೆಚ್ಚಿಸುವುದು ಕೆಫೀನ್ ಒಂದೇ ಅಲ್ಲ. ಡಿಕ್ಯಾಫ್ ಕೂಡ ಆಮ್ಲ ಸುರಿಸುವ ಗ್ಯಾಸ್ಟ್ರಿನ್ ಹಾರ್ಮೋನನ್ನು ಕೆರಳಿಸುತ್ತದೆ. ಮಾಮೂಲಿ ಕಾಫಿಯಷ್ಟು ಅಲ್ಲದಿದ್ದರೂ ಸಾಕಷ್ಟು. ಖಾಲಿ ಹೊಟ್ಟೆಗೆ ಕುಡಿಯಬೇಡಿ, ಕಪ್ ಚಿಕ್ಕದಿರಲಿ, ಕುಡಿದ ಕೂಡಲೇ ಮಲಗಬೇಡಿ. ಎರಡು ವಾರ ಪೂರ್ತಿ ಬಿಟ್ಟು ನೋಡಿ. ಆಗಲೂ ಉರಿ ಇದ್ದರೆ ಕಾಫಿ ನಿರಪರಾಧಿ. ನುಂಗಲು ಕಷ್ಟ, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಆ ಎರಡು ವಾರವೂ ಕಾಯಬೇಡಿ.

## ಕೈ ಬಿಡಬೇಕಾದ ಜಾಗ

ಯಂತ್ರ ಮುಟ್ಟಿದರೆ ಜುಮ್ ಅಂದರೆ, ತಳದಿಂದ ನೀರು ಸೋರಿದರೆ, ಸುಟ್ಟ ವೈರ್ ವಾಸನೆ ಬಂದರೆ ಮೊದಲು ಮುಖ್ಯ ಸ್ವಿಚ್ ಆರಿಸಿ, ಆಮೇಲೆ ಪ್ಲಗ್ ಕಿತ್ತು ಮೆಕ್ಯಾನಿಕ್‌ಗೆ ಕೊಡಿ. ಒಳಗಿನ ಬಾಯ್ಲರ್ ಬಿಚ್ಚುವುದು ಮನೆಯ ಕೆಲಸವಲ್ಲ.

ಬೀಜದ ಮಟ್ಟಿಗೆ ಹೇಳುವುದಾದರೆ, ಬೇರೆ ಬೇರೆ ವಿಧಾನದ ಎರಡು ತಾಜಾ ಪ್ಯಾಕೆಟ್ ಬಟ್ಟಲು ಪರೀಕ್ಷೆಯಲ್ಲಿ ಸೋತರೆ ಮೂರನೆಯದನ್ನು ಕಣ್ಣುಮುಚ್ಚಿ ತರಬೇಡಿ. ಹುರಿಯುವವರಿಗೆ ಮೂರು ಪ್ರಶ್ನೆ ಕೇಳಿ: ಯಾವ ವಿಧಾನದಲ್ಲಿ ಕೆಫೀನ್ ತೆಗೆದದ್ದು, ಯಾವತ್ತು ಹುರಿದದ್ದು, ನೀವೇ ಇದನ್ನು ಯಾವ ಅಳತೆಯಲ್ಲಿ ಮಾಡಿ ಕುಡಿಯುತ್ತೀರಿ? ಮೂರನೆಯದಕ್ಕೆ ತಡವರಿಸಿದರೆ ಬೇರೆ ಕಡೆ ಕೊಳ್ಳಿ.